ತಿನ್ನಲಿಕ್ಕೆ ನೌಕರಿ ಬಿಟ್ಟಾಕಿ

ಹೊಟ್ಟೆ ತುಂಬಲಿ ಅಂತ ನೌಕರಿ ಹಿಡಿದವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ತಿನ್ನಲಿಕ್ಕೆ ಅಂತ ನೌಕರಿ ಬಿಟ್ಟವರನ್ನು ನೋಡಿದ್ದೀರೇನು? ನೋಡಬೇಕೆಂದರೆ ಯರಗುಪ್ಪಿಗೆ ಬರ್ರಿ, ನನ್ನ ಮೊಮ್ಮಗಳನ್ನು ತೋರಿಸುತ್ತೇನೆ. ಗುರುತು ಹಿಡಿಯುವುದು ಅಗದಿ ಸರಳ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ 'ಇವತ್ತ ಏನ್ ಪಲ್ಯಾ ಮಾಡೀರಿ?' ಅಂತ ಕೇಳುವಾಕಿ ಯಾರಿದ್ದಾಳೋ ಅವಳೇ. ಪಲ್ಯದ ಹೆಸರು ಹೇಳಿ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಒಗ್ಗರಣೆಗೆ ಏನು ಹಾಕಿದಿರಿ, ಬಳ್ಳೊಳ್ಳಿ ಜಜ್ಜಿದಿರೋ ಹೆಚ್ಚಿದಿರೋ, ಎಲ್ಲಾ ಒಪ್ಪಿಸಿಯೇ ಮುಂದೆ ಹೆಜ್ಜೆ ಇಡಬೇಕು!

ಈ ಹುಚ್ಚು ಮೊನ್ನೆ ಹತ್ತಿದ್ದಲ್ಲ. ಸಣ್ಣಾಕಿ ಇದ್ದಾಗ ಮನೆಯಲ್ಲಿ ಕಾಣಲಿಲ್ಲವೆಂದರೆ ನಾವು ಬಾವಿಯ ಕಡೆ ಹುಡುಕುತ್ತಿರಲಿಲ್ಲ, ಓಣಿಯ ಅಡಿಗೆಮನೆಗಳನ್ನು ಹುಡುಕುತ್ತಿದ್ದೆವು. ಯಾರದೋ ಒಲೆಯ ಮುಂದೆ ಗಲ್ಲಕ್ಕೆ ಕೈ ಹಚ್ಚಿ ಕುಂತಿರುತ್ತಿದ್ದಳು. ಮೂರು ವರ್ಷದ ಹಿಂದೆ ಅಣ್ಣಿಗೇರಿ ಕಡೆಯಿಂದ ಕನ್ಯಾ ನೋಡಲಿಕ್ಕೆ ಬಂದರು. ಹುಡುಗನ ತಾಯಿ ರೂಢಿಯ ಪ್ರಕಾರ, ಅಡಿಗೆ ಬರುತ್ತದೆಯೇ ಅಂತ ಕೇಳಿದಳು. ನಮ್ಮಾಕಿ ಬರುತ್ತದೆ ಅಂದಳು. ಅಷ್ಟಕ್ಕೆ ಬಾಯಿ ಮುಚ್ಚಬೇಕೋ ಬೇಡವೋ? ನಿಮ್ಮ ಮನೆಯಲ್ಲಿ ಎಣ್ಣಿಗಾಯಿ ಹೆಂಗೆ ಮಾಡುತ್ತೀರಿ ಅಂತ ತಾನೇ ಕೇಳಿದಳು. ಆ ತಾಯಿಗೆ ಜನ್ಮದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ ಅಂತ ಕಾಣುತ್ತದೆ. ಬದನೆಕಾಯಿ ಸೀಳುವುದರಿಂದ ಹಿಡಿದು ಗುರೆಳ್ಳು ಹುರಿಯುವ ತನಕ ಒಂದು ತಾಸು ಹೇಳಿದಳು, ನಮ್ಮಾಕಿ ಬರೆದುಕೊಂಡಳು. ಹುಡುಗ ಪಾಪ, ಅವಲಕ್ಕಿಯ ತಾಟು ಹಿಡಿದು ಗಡಿಯಾರ ನೋಡುತ್ತಾ ಕುಂತ. ಅವರು ಹೋದ ಮೇಲೆ ಹುಡುಗ ಹೆಂಗಿದ್ದನವಾ ಅಂತ ಕೇಳಿದೆ.

"ನೋಡಾಕ ಪುರುಸೊತ್ತೆಲ್ಲಿತ್ತು ಆಯಿ? ಅವರವ್ವ ಮಾತ್ರ ಛಲೋ ಅದಾಳ."

ಆ ಸಂಬಂಧ ಅಲ್ಲಿಗೇ ನಿಂತಿತು. ಎಣ್ಣಿಗಾಯಿ ಇವತ್ತಿಗೂ ನಮ್ಮ ಮನೆಯಲ್ಲಿ ಅಣ್ಣಿಗೇರಿಯದೇ.

ನೌಕರಿ ಅವಳದು ಹುಬ್ಬಳ್ಳಿಯ ಒಂದು ವಿಮಾ ಕಚೇರಿಯಲ್ಲಿ. ಆರು ವರ್ಷ ದಿನಾಲೂ ಕುಂದಗೋಳಕ್ಕೆ ಹೋಗಿ ರೈಲು ಹತ್ತಿದಳು. ಅವಳಿಗಿಂತ ಹೆಚ್ಚು ಆ ನೌಕರಿ ಅವಳ ಅಪ್ಪನದು ಅನ್ನಬೇಕು. ಅಂದರೆ ನನ್ನ ಮಗನದು. ಅವಳು ಪರೀಕ್ಷೆ ಬರೆಯುವಾಗ ಶಾಲೆಯ ಗೇಟಿನ ಹೊರಗೆ ಬಿಸಿಲಲ್ಲಿ ಮೂರು ತಾಸು ನಿಂತವನು ಅವನು. ನಮ್ಮ ಮನೆತನದಲ್ಲಿ ಫ್ಯಾನಿನ ಕೆಳಗೆ ಕುಂತು ದುಡಿದವರಲ್ಲಿ ಅವಳೇ ಮೊದಲನೆಯವಳು. ಚಹಾದಂಗಡಿಯಲ್ಲಿ ಯಾರು ಎದುರು ಸಿಕ್ಕರೂ, ಮಳೆಯ ಮಾತು ಬಂದರೂ ಮೆಣಸಿನಕಾಯಿಯ ಧಾರಣೆಯ ಮಾತು ಬಂದರೂ, ಕಡೆಗೆ ಅದು ಮಗಳ ಕುರ್ಚಿಗೇ ಹೋಗಿ ನಿಲ್ಲುತ್ತಿತ್ತು.

ಹೋದ ದೀಪಾವಳಿ ಮುಗಿದ ಮೇಲೆ ಒಂದು ದಿನ ಊಟಕ್ಕೆ ಕುಂತಾಗ ಹೇಳಿಬಿಟ್ಟಳು. ನೌಕರಿ ಬಿಟ್ಟಿದ್ದೇನೆ, ನಾಲ್ಕು ತಿಂಗಳು ಬ್ಯಾಂಕಾಕ್, ಪೆನಾಂಗ್, ಹನೋಯ್ ಅಂತ ಊರುಗಳಿಗೆ ಹೋಗುತ್ತೇನೆ, ಖರ್ಚು ನನ್ನ ದುಡಿಮೆಯದೇ ಅಂತ. ನನ್ನ ಮಗ ಅಲ್ಲಿ ಏನು ಕೆಲಸ ಅಂತ ಕೇಳಿದ.

"ಕೆಲಸ ಇಲ್ಲಪ್ಪಾ. ತಿರುಗೂದು, ತಿನ್ನೂದು, ಹೆಂಗ ಮಾಡ್ತಾರ ನೋಡೂದು."

ಅವನು ಮುರಿದ ರೊಟ್ಟಿಯನ್ನು ಹೊಳ್ಳಿ ತಾಟಿಗೆ ಇಟ್ಟ. ಆಮೇಲೆ ಹೇಳಿದ: "ನೌಕರಿಗೆ ಹೊಳ್ಳಿ ಹೋಗೂತನಕಾ ನನ್ನ ಜೋಡಿ ಮಾತಾಡಬ್ಯಾಡ."

ಇದನ್ನು ಸಣ್ಣ ಮಾತು ಅಂತ ತಿಳಿಯಬೇಡಿರಿ. ನನ್ನ ಮಗ ಒಮ್ಮೆ ಒಂದು ಎತ್ತಿನ ಮೇಲೆ ಸಿಟ್ಟಾಗಿ ಎರಡು ತಿಂಗಳು ಅದರ ಜೊತೆ ಮಾತು ಬಿಟ್ಟವನು! ಮೇವು ಹಾಕುತ್ತಿದ್ದ, ಮೈ ತೊಳೆಯುತ್ತಿದ್ದ, ಮಾತಿಲ್ಲ. ಎತ್ತಿಗೆ ಗೊತ್ತಾಯಿತೋ ಇಲ್ಲವೋ, ಯಾರು ಹೇಳಬೇಕು? ಮಗಳಿಗೆ ಮಾತ್ರ ಅಗದಿ ಚೆನ್ನಾಗಿ ಗೊತ್ತಾಯಿತು. ಹೊರಡುವ ದಿನ ಅಪ್ಪನ ಕಾಲಿಗೆ ಬಿದ್ದಳು, ಅವನು ಮಾಡಿನ ತೊಲೆ ನೋಡುತ್ತಾ ನಿಂತ.

ನಾನು ಯಾರ ಕಡೆ ಅಂತ ಕೇಳುತ್ತೀರಿ. ನಾನು ಕಲಿತದ್ದು ಮೂರನೇ ಇಯತ್ತೆ. ಕಂಡ ದೂರದ ಊರು ಅಂದರೆ ಶ್ರೀಶೈಲ. ಅಲ್ಲಿಯೂ ಎಲ್ಲರೂ ದರ್ಶನದ ಪಾಳಿಯಲ್ಲಿ ನಿಂತಾಗ ನಾನು ದಾಸೋಹದ ಕೊಪ್ಪರಿಗೆಯ ಹತ್ತಿರ ಹೋಗಿ, ಇಷ್ಟು ಅನ್ನ ತಳ ಹಿಡಿಯದಂಗೆ ಹೆಂಗೆ ತಿರುವುತ್ತೀರಿ ಅಂತ ಕೇಳಿ ಬೈಸಿಕೊಂಡು ಬಂದಾಕಿ. ಈಗ ತಿಳಿಯಿತೇ, ಆ ಹುಡುಗಿಗೆ ಈ ರೋಗ ಎಲ್ಲಿಂದ ಬಂತು ಅಂತ? ಸೊಸೆ, ನಾನು, ಬಾಜೂ ಮನೆಯ ನಿಂಗವ್ವ ಕೂಡಿ ಮೂರು ದಿನ ರೊಟ್ಟಿ ಬಡಿದೆವು. ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲಿಕ್ಕೆ ಶೇಂಗಾ ಹಿಂಡಿಯ ಪುಡಿ, ಶೇಂಗಾ ಉಂಡಿ. ನಮ್ಮದು ಲಿಂಗ ಕಟ್ಟಿದ ಮನೆ, ಮಾಂಸ ಮೀನು ತಿನ್ನುವವರಲ್ಲ. ಆ ಊರುಗಳಲ್ಲಿ ಸಿಕ್ಕರೆ ತಿನ್ನಲಿ, ಸಿಗದಿದ್ದರೆ ರೊಟ್ಟಿ ಮುರಿಯಲಿ ಅಂತ.

ಮೊದಲು ಬ್ಯಾಂಕಾಕ್. ಫೋನ್ ಹಚ್ಚಿ ಮುಖ ತೋರಿಸಿದಳು, ಆಮೇಲೆ ಬಂಗಾರದ ಗುಡಿ ತೋರಿಸಲಿಕ್ಕೆ ಹೋದಳು, ಮುಗಿಲಿಗೆ ಮುಟ್ಟುವ ಮನೆ ತೋರಿಸಲಿಕ್ಕೆ ಹೋದಳು. ಅವನ್ನೆಲ್ಲಾ ಆಮೇಲೆ ನೋಡೋಣ, ಮೊದಲು ಒಲೆ ತೋರಿಸು ಅಂದೆ. ರಸ್ತೆಯ ಬದಿಗೆ ಒಬ್ಬ ಹೆಣ್ಣುಮಗಳು ಎತ್ತರದ ಮಣ್ಣಿನ ಒರಳಿನಲ್ಲಿ ಪಪ್ಪಾಯಿಯ ಹಸೀ ಕಾಯಿ ಕುಟ್ಟುತ್ತಿದ್ದಳು. ಶೇಂಗಾ, ಮೆಣಸಿನಕಾಯಿ, ನಿಂಬೆಹುಳಿ, ಬೆಲ್ಲ. ಮೀನಿನ ನೀರೊಂದು ಅದಕ್ಕೆ ಹಾಕುತ್ತಾರಂತೆ. ನಮ್ಮಾಕಿ ಮಾಂಸ ಬೇಡ, ಮೀನು ಬೇಡ, ಮೀನಿನ ನೀರೂ ಬೇಡ ಅಂತ ಅವರ ಲಿಪಿಯಲ್ಲೇ ಬರೆಸಿಕೊಂಡ ಚೀಟಿ ತೋರಿಸಿದಳು. ನಾನು ಫೋನಿನಲ್ಲಿ ಆ ಹೆಣ್ಣುಮಗಳಿಗೆ ಕೈ ಮುಗಿದು, ಒಂದಿಷ್ಟು ಮೆಲ್ಲಗೆ ಕುಟ್ಟು ತಾಯಿ, ಕಾಯಿ ಹಿಟ್ಟಾಗುತ್ತದೆ ಅಂದೆ. ಅವಳು ತನ್ನ ಭಾಷೆಯಲ್ಲಿ ನಾಲ್ಕು ಮಾತು ಹೇಳಿದಳು. ನಾನು ಐದು ಹೇಳಿದೆ. ಹಂಗೇ ಸ್ವಲ್ಪ ಹೊತ್ತು ನಡೆಯಿತು. ನಡುವೆ ನಿಂತ ಮೊಮ್ಮಗಳು, ಇಬ್ಬರಿಗೂ ಏನಾದರೂ ತಿಳಿಯಿತೇ ಅಂತ ಕೇಳಿದಳು.

"ತಿಳಿಯೂದೇನೈತಿ? ಆಕೀಗೂ ಒಬ್ಬಾಕಿ ಸೊಸಿ ಅದಾಳ," ಅಂದೆ.

ಖರೆಯೋ ಸುಳ್ಳೋ ನನಗೂ ಗೊತ್ತಿಲ್ಲ. ಮಾತಿನ ಧಾಟಿ ಹಂಗಿತ್ತು!

ಮರುದಿನ ನಮ್ಮ ಹಿತ್ತಲದ ಗಿಡದಿಂದ ಕಾಯಿ ಇಳಿಸಿ ಅದನ್ನೇ ಕುಟ್ಟಿದೆ. ನನ್ನ ಮಗ ರೊಟ್ಟಿಗೆ ಹಚ್ಚಿಕೊಂಡು ಎರಡು ಸಲ ನೀಡಿಸಿಕೊಂಡ. ಇದೇನು ಹೊಸದು ಅಂತ ಹೆಂಡತಿಯನ್ನು ಕೇಳಿದ. "ನಿಮ್ಮ ಮಗಳ ಊರಿಂದು ರೀ," ಅಂದಳು ಅವಳು, ಮುಖ ತಿರುವಿಕೊಂಡು. ಬಾಯಲ್ಲಿದ್ದದ್ದನ್ನು ಉಗುಳಲಿಕ್ಕೆ ಬರುತ್ತದೆಯೇ? ನುಂಗಿದ. ಮೂರನೇ ಸಲ ಮಾತ್ರ ನೀಡಿಸಿಕೊಳ್ಳಲಿಲ್ಲ.

ಫೋನು ದಿನಾ ಮಧ್ಯಾಹ್ನ, ಅವನು ಹೊಲದಿಂದ ಉಣ್ಣಲಿಕ್ಕೆ ಬಂದ ಹೊತ್ತಿಗೇ ಬರುತ್ತಿತ್ತು. ಮೊದಲನೇ ತಿಂಗಳು ಅದರ ಗಂಟೆ ಕೇಳಿದ ಕೂಡಲೇ ಎದ್ದು ಹೊಲಕ್ಕೇ ಹೋಗುತ್ತಿದ್ದ. ಎರಡನೇ ತಿಂಗಳು ಮನೆಯ ಮುಂದಿನ ಕಟ್ಟಿಯ ತನಕ ಹೋದ. ಅವಳು ಪೆನಾಂಗ್ ಮುಗಿಸಿ ಹನೋಯ್ ಮುಟ್ಟುವ ಹೊತ್ತಿಗೆ ಅವನು ತಲಬಾಗಿಲ ಹಿಂದೆ ಬಂದು ಕುಂತಿದ್ದ. ಕೇಳಿದರೆ ಹಗ್ಗ ಹೊಸೆಯುತ್ತಿದ್ದೇನೆ ಅನ್ನುವನು. ದಿನಾಲೂ ಹಗ್ಗ! ಅಷ್ಟೊಂದು ಹಗ್ಗ ಕಟ್ಟಬೇಕೆಂದರೆ ನಮ್ಮಲ್ಲಿ ಅಷ್ಟು ದನ ಎಲ್ಲಿವೆ?

ಹನೋಯ್ ಊರಿನಲ್ಲಿ ನಡೆದದ್ದು ದೊಡ್ಡ ಕತೆ. ಇವಳು ಇದ್ದ ಕೋಣೆಯ ಕೆಳಗೆ ರಸ್ತೆಯ ಮೇಲೆ ಒಬ್ಬ ಮುದುಕಿ ಅಕ್ಕಿಯ ಶ್ಯಾವಿಗೆಯ ಸಾರು ಮಾರುತ್ತಿದ್ದಳಂತೆ. ದಿನಾಲೂ ಮಾಂಸದ ಸಾರು. ಹುಣ್ಣಿವೆ ಅಮಾಸಿಗೆ ಮಾತ್ರ ಅವರಲ್ಲಿಯೂ ಭಾಳ ಮಂದಿ ಮಾಂಸ ಬಿಡುತ್ತಾರಂತೆ, ಕೇಳಿ ನನಗೆ ಎಷ್ಟು ಆಶ್ಚರ್ಯ ಆಯಿತು ಅನ್ನುತ್ತೀರಿ! ಅಮಾಸಿಯ ದಿನ ಆ ಮುದುಕಿ ಕಾಯಿಪಲ್ಲೆಯ ಸಾರು ಮಾಡಿ, ಮೇಲಿನ ಕೋಣೆಯ ಹುಡುಗಿಗೆ ಅಂತ ಒಂದು ಬಟ್ಟಲು ಕಳಿಸಿದಳು. ದುಡ್ಡು ಕೊಡಲಿಕ್ಕೆ ಹೋದರೆ ಮುಟ್ಟಲಿಲ್ಲ.

ಉಂಡಾಯಿತು, ಬಟ್ಟಲು ತೊಳೆದಾಯಿತು. ಆದರೆ ಮಂದಿಯ ಮನೆಯ ಪಾತ್ರೆಯನ್ನು ಖಾಲಿ ಹೊಳ್ಳಿ ಕೊಡುವುದುಂಟೇ? ನಮ್ಮಲ್ಲಿ ಆ ಪದ್ಧತಿ ಇಲ್ಲ. ಒಂದು ಚೂರು ಬೆಲ್ಲವಾದರೂ ಹಾಕಿಯೇ ಕೊಡಬೇಕು. ಇವಳು ಎರಡು ಶೇಂಗಾ ಉಂಡಿ ಹಾಕಿ ಕೊಟ್ಟಳು. ಮರುದಿನ ಅದೇ ಬಟ್ಟಲು ಬಾಳೆಹಣ್ಣು ಹಾಕಿ ಬೇಯಿಸಿದ ಅನ್ನ ತುಂಬಿಕೊಂಡು ಮೇಲೆ ಬಂತು. ಇವಳು ಹಿಂಡಿ ಹಾಕಿ ಕೆಳಗೆ ಕೊಟ್ಟಳು. ಅದು ಎಳ್ಳಿನ ಉಂಡಿ ಹೊತ್ತುಕೊಂಡು ಮೇಲೆ ಬಂತು. ಇವಳು ರೊಟ್ಟಿ ಮುರಿದು ಹಾಕಿದಳು. ಹಿಂಗೆ ಎಂಟು ದಿನ! ಬಟ್ಟಲಿಗೆ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿರಬೇಕು, ಆ ಇಬ್ಬರಿಗೆ ಇಲ್ಲ.

ಒಂಬತ್ತನೇ ದಿನ ಅವಳು ಶ್ಯಾವಿಗೆ ಮಾಡುವ ಒಂದು ಹಳ್ಳಿಗೆ ಬಸ್ಸು ಹಿಡಿಯಬೇಕು. ಫೋನಿನಲ್ಲಿ ಅಳುಮೋರೆ.

"ಆಯಿ, ಬಟ್ಟಲಾ ನನ್ನ ಕಡೇನ ಉಳದೈತಿ. ಡಬ್ಬಿ ಎಲ್ಲಾ ಖಾಲಿ ಅದಾವು. ಇದನ್ನ ನಿಂದ್ರಸೂದು ಹೆಂಗ?"

ನನ್ನನ್ನು ಕೇಳಿದರೆ? ನನಗೂ ನಿಂಗವ್ವನಿಗೂ ನಡುವೆ ಒಂದು ಡಬರಿ ನಲವತ್ತು ವರ್ಷದಿಂದ ತಿರುಗುತ್ತಿದೆ. ಅದು ಮೂಲದಲ್ಲಿ ಯಾರದು ಅಂತ ಇಬ್ಬರಿಗೂ ಮರೆತುಹೋಗಿದೆ. ನಿಂಗವ್ವ ಬಾಜೂ ಕುಂತಿದ್ದಳು, ಅವಳೇ ಉಪಾಯ ಹೇಳಿದಳು: ಸಂತೆಯಿಂದ ಹಣ್ಣು ತಂದು ಬಟ್ಟಲಲ್ಲಿ ಹಾಕು, ಮುದುಕಿ ಅತ್ತ ತಿರುಗಿದಾಗ ಮಣೆಯ ಮೇಲಿಟ್ಟು ಓಡು. ಹಂಗೇ ಮಾಡಿದಳು. ಬಸ್ಸು ಇನ್ನೇನು ಹೊರಡಬೇಕು, ಮುದುಕಿ ಏದುಸಿರು ಬಿಡುತ್ತಾ ಓಡಿ ಬಂದು ಕಿಟಕಿಯಿಂದ ಒಂದು ಬುತ್ತಿ ಒಳಗೆ ತುರುಕಿದಳಂತೆ. ಈ ಸಲ ಬಟ್ಟಲಿನಲ್ಲಿ ಅಲ್ಲ, ಬಾಳೆಲೆಯಲ್ಲಿ ಕಟ್ಟಿದ್ದು. ಎಲೆಯನ್ನು ಹೊಳ್ಳಿ ಕೊಡುವ ಕಾರಣ ಇಲ್ಲವಲ್ಲ! ನಾವಿಬ್ಬರು ನಲವತ್ತು ವರ್ಷದಲ್ಲಿ ಬಿಡಿಸದ ಕಗ್ಗಂಟನ್ನು ಆ ಮುದುಕಿ ಬಸ್ಸಿನ ಕಿಟಕಿಯಲ್ಲಿ ಬಿಡಿಸಿದಳು. ನಿಂಗವ್ವ ಅವತ್ತೆಲ್ಲಾ, ಆಕಿ ಭಾಳ ಶ್ಯಾಣ್ಯಾಕಿ, ಭಾಳ ಶ್ಯಾಣ್ಯಾಕಿ ಅನ್ನುತ್ತಲೇ ಇದ್ದಳು.

ಆ ಶ್ಯಾವಿಗೆಯ ಹಳ್ಳಿಯಿಂದ ಬಂದ ಫೋನೇ ನಮ್ಮ ಮನೆಯ ಬಣ್ಣ ಬಯಲು ಮಾಡಿದ್ದು. ಬಿದಿರಿನ ತಟ್ಟಿಗಳ ಮೇಲೆ ಉದ್ದಕ್ಕೆ ಶ್ಯಾವಿಗೆ ಒಣಗಲಿಕ್ಕೆ ಹಾಕಿದ್ದರು, ಓಣಿ ತುಂಬ. ಒಂದು ಮನೆಯದಲ್ಲ, ಒಂದು ಊರಿನ ಶ್ಯಾವಿಗೆ! ನಾವು ಬೇಸಿಗೆಯಲ್ಲಿ ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುವುದನ್ನು ನೆನೆದು ನನಗೆ ಕುಂತಲ್ಲಿ ಕುಂದ್ರಲಿಕ್ಕೆ ಆಗಲಿಲ್ಲ. ಹಿಟ್ಟು ಯಾವುದು, ಎಷ್ಟು ಹೊತ್ತು ನಾದುತ್ತಾರೆ, ಕಾಗೆ ಬಂದರೆ ಯಾರು ಓಡಿಸುತ್ತಾರೆ ಅಂತ ಕೇಳುತ್ತಿದ್ದೆ. ಅಷ್ಟರಲ್ಲಿ ಅವಳ ತಲೆಯ ಹಿಂದೆ ಮುಗಿಲು ಕಂಡಿತು. ಕರ್ರಗೆ! ಅವಳಿಗೆ ಅದರ ಖಬರೇ ಇಲ್ಲ, ಒಂದು ಶ್ಯಾವಿಗೆಯ ಎಳೆ ಮುರಿದು ಮೂಸುತ್ತಾ ನಿಂತಿದ್ದಾಳೆ.

"ಲೇ, ಮಳಿ ಬಂತು! ತಗೀರಿ, ಎಲ್ಲಾ ಒಳಗ ತಗೀರಿ!"

ನಾನು ಒದರಿದ ದನಿಗೆ ಆ ಊರಿನ ಹೆಣ್ಣುಮಕ್ಕಳು ಫೋನಿನ ಕಡೆ ನೋಡಿದರು. ಕೈ ಮಾಡಿ ಮುಗಿಲು ತೋರಿಸಿದೆ. ಆಮೇಲೆ ಏನು ಹೇಳಲಿ, ತಟ್ಟಿ ಹೊತ್ತು ಓಡಿದ್ದೇ ಓಡಿದ್ದು. ಮೊಮ್ಮಗಳು ಫೋನನ್ನು ಎಲ್ಲಿಯೋ ಆನಿಸಿಟ್ಟು ತಾನೂ ಓಡಿದಳು. ಯರಗುಪ್ಪಿಯಲ್ಲಿ ಕುಂತು ಹನೋಯ್ ಕಡೆಯ ಶ್ಯಾವಿಗೆ ಉಳಿಸಿದೆನಲ್ಲಾ ಅಂತ ಬೀಗುತ್ತಾ ಅಂಗಳದ ಕಡೆ ನೋಡುತ್ತೇನೆ, ಅಲ್ಲಿ ನನ್ನ ಮಗ!

ಒಣಗಲಿಕ್ಕೆ ಹಾಕಿದ್ದ ಮೆಣಸಿನಕಾಯಿಯನ್ನು ಎರಡೂ ಕೈಯಿಂದ ಬಾಚಿ ಬಾಚಿ ಚೀಲಕ್ಕೆ ತುಂಬುತ್ತಿದ್ದಾನೆ. ಮೇಲೆ ಸುಡುಸುಡು ಬಿಸಿಲು. ಮುಗಿಲಲ್ಲಿ ಬೆರಳಷ್ಟು ಮೋಡ ಇಲ್ಲ. ಅರ್ಧ ತುಂಬಿದ ಮೇಲೆ ಅವನಿಗೇ ಸಂಶಯ ಬಂದು ತಲೆ ಎತ್ತಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಒಂದು ಮಾತು ಆಡಲಿಲ್ಲ, ದೇವರಾಣೆ. ಅವನೂ ಆಡಲಿಲ್ಲ. ಚೀಲವನ್ನು ಮತ್ತೆ ನೆಲಕ್ಕೆ ಸುರುವಿ, ಒಂದೊಂದೇ ಕಾಯಿ ಹರವುತ್ತಾ ಕುಂತ. ಅವಳ ಮಾತು ಕೇಳದಿದ್ದವನಿಗೆ ಅವಳ ಊರಿನ ಮಳೆ ಹೆಂಗೆ ತಾಗಿತು, ನೀವೇ ಹೇಳಿರಿ!

ನನಗೆ ಅವತ್ತು ಧೈರ್ಯ ಬಂದಿತ್ತು. ಆದರೆ ಮರುವಾರದ ಫೋನಿನಲ್ಲಿ ಅವಳ ದನಿಯೇ ಬೇರೆ ಇತ್ತು. ಅವಳಿಗೆ ತನ್ನದೇ ಒಂದು ವಿಚಾರ ಇತ್ತು, ಆರು ತಿಂಗಳು ಎಲ್ಲಿಯಾದರೂ ದುಡಿದು ಆರು ತಿಂಗಳು ಹಿಂಗೆ ತಿರುಗಿ ಕಲಿಯಬೇಕು ಅಂತ. ಅದನ್ನು ಬಿಟ್ಟೆ ಅಂದಳು. ಕಚೇರಿಯ ಸಾಹೇಬರು ಬಾ ಅಂದಿದ್ದಾರಂತೆ, ಅದೇ ಕುರ್ಚಿ ಇನ್ನೂ ಖಾಲಿ ಇದೆಯಂತೆ.

"ಎಲ್ಲಾರ ಮನಿ ಒಲಿ ಮುಂದ ಕುಂತು ಬಂದ್ನಿ ಆಯಿ. ಅಪ್ಪನ ಜೋಡಿ ಕುಂತು ಉಣ್ಣಾಕ ಆಗೂದಿಲ್ಲಂದ್ರ ಅದನ್ನೆಲ್ಲಾ ತಗೊಂಡ ಏನ್ ಮಾಡ್ಲಿ?"

ಬಾಗಿಲ ಹಿಂದೆ ಹಗ್ಗದ ಸದ್ದು ನಿಂತಿತು. ನನಗೆ ಎದ್ದು ಹೋಗಿ ಅವನ ಬೆನ್ನಿಗೆ ಎರಡು ಬಿಗಿಯಬೇಕು ಅನ್ನಿಸಿತು. ಐವತ್ತು ದಾಟಿದ ಮಗನನ್ನು ಹೊಡೆಯುವುದು ಹೆಂಗೆ?

ಶುಕ್ರವಾರ ಮಧ್ಯಾಹ್ನ ಬಂದಳು. ಕರ್ರಗಾಗಿದ್ದಳು, ಸೊರಗಿದ್ದಳು. ನಾಲ್ಕು ತಿಂಗಳು ತಿಂದವರು ಸೊರಗುವುದುಂಟೇ? ಚೀಲದ ತುಂಬ ಬೀಜ, ಬೇರು, ಒಣಗಿದ ಎಲೆ, ಒಂದು ಪುಟ್ಟ ಬಿದಿರಿನ ಜರಡಿ. ನನ್ನ ಮಗ ಹೊಲದಿಂದ ಬಂದು ಹೊಸ್ತಿಲಲ್ಲಿ ಅವಳ ಚಪ್ಪಲಿ ನೋಡಿ ಒಂದು ಗಳಿಗೆ ನಿಂತ. ಕೈಕಾಲು ತೊಳೆದು ಬಂದು ಊಟಕ್ಕೆ ಕುಂತ. ಅವಳೂ ಬಂದು ಎದುರಿಗೆ ಕುಂತಳು. ಸೊಸೆ ರೊಟ್ಟಿ, ಹೆಸರುಕಾಳಿನ ಪಲ್ಯ ನೀಡಿದಳು. ರೊಟ್ಟಿ ಮುರಿಯುವ ಸದ್ದು ಅಷ್ಟೇ. ಅವಳು ನನ್ನ ಕಡೆ ತಿರುಗಿ, ಅಪ್ಪನಿಗೆ ಕೇಳಿಸಲಿ ಅಂತ, ಸೋಮವಾರದಿಂದ ಕಚೇರಿಗೆ ಹೋಗುತ್ತೇನೆ ಅಂದಳು.

ಅವನು ಹಾಕಿದ ಷರತ್ತು ಮುಗಿಯಿತಲ್ಲ, ಈಗ ಮಾತಾಡುತ್ತಾನೆ ಅಂತ ಕಾಯ್ದೆ. ಆಡಲಿಲ್ಲ. ಒಂದು ರೊಟ್ಟಿ ತಿಂದ. ಇನ್ನೊಂದು ತಿಂದ. ಆಮೇಲೆ ತಾಟು ನೋಡುತ್ತಲೇ ಕೇಳಿದ:

"ಆ ಊರಾಗ ಜೋಳಾ ಬಿತ್ತತಾರೇನು?"

ನನ್ನನ್ನು ಕೇಳಿದನೋ, ತಾಟನ್ನು ಕೇಳಿದನೋ ಅಂತ ಮೊದಲು ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

"ಭತ್ತ ಇತ್ತಪ್ಪಾ. ಜೋಳಾ ನಾ ನೋಡ್ಲಿಲ್ಲ."

"ಕರೀ ಎರಿ ನೆಲಾನೋ, ಕೆಂಪು ಮಸಾರಿನೋ?"

"ಗೊತ್ತಿಲ್ಲ."

"ನೀರು ಹಳ್ಳದ್ದೋ, ಬಾವೀದೋ?"

"ಕೇಳ್ಲಿಲ್ಲಪ್ಪಾ."

"ನಾಕ ತಿಂಗಳ ಇದ್ದು ಬರೇ ಒಲಿ ನೋಡಿ ಬಂದಿ. ಒಲೀ ಮ್ಯಾಲೆ ಬರೂದು ಎಲ್ಲಿಂದ ಬರ್ತೈತಿ ಅಂತ ನೋಡಬೇಕಿಲ್ಲೇನು?" ಅಂದ. ಸಿಟ್ಟಿನ ದನಿಯೇ. ಆಮೇಲೆ ಅಂದ: "ಮುಂದಿನ ಸಲ ಹೋದಾಗ ಮೊದ್ಲ ಹೊಲಕ್ಕ ಹೋಗು."

ಸೊಸೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹುಡುಗಿ ಏನೋ ಹೇಳಲಿಕ್ಕೆ ಬಾಯಿ ತೆರೆದಳು, ಸೋಮವಾರ ಅಂತ ಶುರು ಮಾಡಿದಳು.

"ಸೋಮವಾರದ್ದು ಆಮ್ಯಾಲೆ ನೋಡೂಣು. ಬರ್ಕೊ. ಮರೀತಿ."

ಎಡಗೈಯಲ್ಲೇ ಚೀಲ ಎಳೆದುಕೊಂಡು ಪುಸ್ತಕ ತೆಗೆದಳು, ಬಲಗೈಯನ್ನು ಓಢಣಿಗೆ ಒರೆಸಿಕೊಂಡಳು. ಅವನು ಹೇಳುತ್ತಾ ಹೋದ. ಬದು ಎಷ್ಟು ಅಗಲ ಬಿಡುತ್ತಾರೆ. ದನಕ್ಕೆ ಏನು ಹಾಕುತ್ತಾರೆ. ಬಿತ್ತುವ ಬೀಜ ಮನೆಯದೋ ಪ್ಯಾಟಿಯದೋ. ರಾಶಿ ಮಾಡುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತದೆ. ಇಷ್ಟು ದಿನ ಆ ಬಾಗಿಲ ಹಿಂದೆ ಕುಂತು ಇವೆಲ್ಲವನ್ನೂ ಒಳಗೇ ಇಟ್ಟುಕೊಂಡಿದ್ದನಲ್ಲಾ ನನ್ನ ಕೂಸು! ನಾನಾದರೂ ಬಾಯಿಬಿಟ್ಟು ಕೇಳಿ ಹಗುರಾಗುತ್ತಿದ್ದೆ.

ಪುಟ ತುಂಬಿತು. ಅವಳು ಹಾಳೆ ತಿರುವಿದಳು. ಅವನು ನನ್ನ ಕಡೆ ಒಮ್ಮೆ ನೋಡಿ, ದನಿ ಸಣ್ಣದು ಮಾಡಿ ಅಂದ:

"ಕಡೀಕ ಇದನ್ನೂ ಬರ್ಕೊ. ಅಲ್ಲಿಂದ ಫೋನ್ ಹಚ್ಚಿದ್ರ ಮೊದ್ಲ ನನಗ ಹಚ್ಚು."

ಅವಳು ಬರೆಯಲಿಕ್ಕೆ ಬಗ್ಗಿದಳು. ಎರಡು ಶಬ್ದ ಬರೆದು ನಿಂತಳು, ಕಣ್ಣು ಒರೆಸಿಕೊಂಡು ಮತ್ತೆ ಬರೆದಳು. ತಾಟಿನಲ್ಲಿ ಅವನ ಕೈ ಒಣಗಿಹೋಗಿತ್ತು. ಬರೆದು ಮುಗಿಯುವ ತನಕ ಅವನು ಏಳಲಿಲ್ಲ.